ಗುಮ್ಮನ ಪುಸ್ತಕ ಎತ್ತಿಡ್ಬೇಡಿ ಅಕ್ಕ

ಅಕ್ಕ, ನಾಲ್ಕು ವರ್ಷದ ಪುಟ್ಟಿ ರಾಕ್ಷಸನ ಚಿತ್ರದ ಪುಸ್ತಕ ನೋಡಿದ್ಮೇಲೆ ರಾತ್ರಿ ಲೈಟ್ ಆರಿಸೋಕೇ ಬಿಡ್ತಿಲ್ಲ, ಎತ್ತಿಡ್ಲಾ ಅಂತ ಕೇಳಿದ್ರಲ್ಲ. ಬೇಡ. ಬಚ್ಚಿಟ್ರೆ ಅದ್ರೊಳಗೆ ನಿಜವಾಗ್ಲೂ ಏನೋ ಇದೆ ಅಂತ ಅನ್ಸುತ್ತೆ ಮಗುಗೆ. ಓದೋ ಹೊತ್ತು ಬದಲಾಯಿಸಿ, ಹಾಳೆ ತಿರುಗಿಸೋದನ್ನ ಪೂರ್ತಿ ಅವಳಿಗೇ ಬಿಡಿ. ಮುಂದಿನ ಹಾಳೇಲಿ ಏನಿದ್ಯೋ ಅನ್ನೋದ್ರಲ್ಲೇ ಅರ್ಧ ಭಯ ಇರೋದು. ಹಾಳೆ ತನ್ನ ಕೈಲಿದ್ರೆ ಅದೇ ಆಟ ಆಗುತ್ತೆ.

ಮೊದಲ ಮೂರು ನಾಲ್ಕು ಸಲ ಹಗಲಲ್ಲೇ ಓದಿ. ಅವಳು ನಿಮ್ಮ ತೊಡೆ ಮೇಲೆ, ಪುಸ್ತಕ ಅವಳ ತೊಡೆ ಮೇಲೆ. ಎದುರಿಗೆ ಕೂತು ಮುಖದ ಹತ್ರ ಹಿಡಿದ್ರೆ ರಾಕ್ಷಸ ಮೈಮೇಲೆ ಬಂದಂಗಾಗುತ್ತೆ. ನೀವು ಘರ್ಜಿಸ್ಬೇಡಿ, ಕಥೆ ಬಾಯಿಪಾಠ ಆದ್ಮೇಲೆ ಅವಳೇ ಘರ್ಜಿಸ್ಲಿ. ಕಿವಿ ಮುಚ್ಕೊಂಡು ನಗ್ತಿದ್ರೆ ಮುಂದುವರಿಸಿ. ಸುಮ್ಮನಾಗಿ ನಿಮ್ಮ ಸೆರಗು ಬಿಗಿ ಹಿಡ್ಕೊಂಡ್ರೆ ಅಲ್ಲೇ ನಿಲ್ಲಿಸಿ. "ಇದೆಲ್ಲ ಸುಳ್ಳು" ಅಂದ್ರೆ ಆ ವಯಸ್ಸಿಗೆ ನಾಟಲ್ಲ. "ಇವನಿಗೆ ಹಲ್ಲೆಷ್ಟು, ಎಣಿಸು" ಅನ್ನಿ.

ಮಾರಿಸ್ ಸೆಂಡಾಕ್ 1963ರಲ್ಲಿ ಮಾಡಿದ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' ಸಿಕ್ರೆ ತನ್ನಿ. ಊಟ ಇಲ್ಲದೆ ಮಲಗೋಕೆ ಕಳಿಸಿದ ತುಂಟ ಹುಡುಗ ರಾಕ್ಷಸರ ನಾಡಿಗೆ ಹೋಗಿ ವಾಪಸ್ ಬರೋ ಚಿತ್ರಪುಸ್ತಕ ಅದು. ನಡುವೆ ಮಾತೇ ಇಲ್ಲದ ಮೂರು ಜೋಡಿಪುಟ ಬರುತ್ತೆ. ಓದೋಕೇನಿಲ್ಲ ಅಂತ ದೊಡ್ಡೋರು ಸರಸರ ದಾಟಿಸ್ತಾರೆ, ಮಗುಗೆ ಸಮಯ ಬೇಕಿರೋದೇ ಅಲ್ಲಿ. ಚಿತ್ರ ಇಲ್ಲ ಅಂತ ಕೊನೇ ಪುಟಾನೂ ಬಿಡ್ಬೇಡಿ. ಊಟ ಇನ್ನೂ ಬಿಸಿಯಾಗಿತ್ತು ಅಂತ ಇರೋದೇ ಅದ್ರಲ್ಲಿ. ಅದು ಕೇಳಿದ್ರೇನೇ ಹುಡುಗ ಮನೆ ಸೇರಿದ್ದು ಮಗು ಮನಸ್ಸಿಗೆ ಬರೋದು.

ಇನ್ನೊಂದು, ಅಜ್ಜಿಗೂ ಹೇಳಿ: "ತುತ್ತು ನುಂಗದಿದ್ರೆ ಗುಮ್ಮ ಬರ್ತಾನೆ" ಅನ್ನೋದು ಸಾಕು. ಊಟದ ಹೊತ್ತಲ್ಲಿ ಬೆದರಿಕೆ ಹಾಕಿ, ಮಲಗೋವಾಗ "ಅದು ಬರೀ ಚಿತ್ರ" ಅಂದ್ರೆ ಮಗು ಯಾವುದನ್ನ ನಂಬ್ಬೇಕು? ಪುರಂದರದಾಸರ ಪದದಲ್ಲೂ ಪುಟ್ಟ ಕೃಷ್ಣ ಅಮ್ಮನ್ನ ಬೇಡ್ಕೊಳ್ಳೋದು ಅದನ್ನೇ, ಗುಮ್ಮನ್ನ ಕರೀಬೇಡ ಅಂತ.

ಈ ಭಾನುವಾರ ಮನೇಲೇ ಒಂದು ತೂತಿನ ಪುಸ್ತಕ ಮಾಡಿ. ಎಡ್ ಎಂಬರ್ಲಿ ಅನ್ನೋ ಚಿತ್ರಕಾರ 1992ರಲ್ಲಿ ಹಸಿರು ರಾಕ್ಷಸನ ಪುಸ್ತಕದಲ್ಲಿ ಹಾಳೆಗೆ ತೂತು ಕೊರೆದು ಮುಖ ಕಟ್ಟಿ, ಒಂದೊಂದೇ ಅಂಗ ಮಾಯ ಮಾಡಿದ್ರಲ್ಲ, ಅದೇ ಉಪಾಯ. ಬಿಳೀ ಕಾರ್ಡ್ ಒಂದು, ಕಪ್ಪು ಕಾರ್ಡ್ ನಾಲ್ಕು, ಕಾಗದ ಎಷ್ಟು ದಪ್ಪ ಅಂತ ಹೇಳೋ ಅಳತೇಲಿ 200 ಜಿಎಸ್‌ಎಮ್ ಮೇಲಿನದು. ತೆಳ್ಳಗಿದ್ರೆ ತೂತಿನ ಅಂಚು ಹರಿಯುತ್ತೆ. ಹೊಲಿಯೋಕೆ ಅಂತ ಎಡಕ್ಕೆ 2 ಸೆಂಟಿಮೀಟರ್ ಬಿಟ್ಟು ಬಿಳೀದ್ರಲ್ಲಿ ಪೂರ್ತಿ ಮುಖ ಬರೆದು ಬಣ್ಣ ತುಂಬಿ. ಬಿಳೀದನ್ನ ಮೇಲಿಟ್ಟು ಐದನ್ನೂ ಜೋಡಿಸಿ ಕ್ಲಿಪ್ ಹಾಕಿ, ಕಣ್ಣು, ಮೂಗು, ಬಾಯಿ, ಕಿವಿಯ ಅಂಚಲ್ಲಿ ಸೂಜಿ ಚುಚ್ಚಿ ಗುರುತು ಮಾಡ್ಕೊಳ್ಳಿ. ಈ ಗುರುತಿಲ್ಲದೆ ಕತ್ತರಿಸಿದ್ರೆ ಕಣ್ಣು ಹಣೆಗೆ ಹೋಗುತ್ತೆ. ಆಮೇಲೆ ಬಿಳೀದನ್ನ ತಳಕ್ಕೆ ಹಾಕಿ, ಕಪ್ಪು ಹಾಳೆಗಳಿಗೆ ತೂತು ಕೊರೀರಿ: ಮೇಲಿನ ಹಾಳೇಲಿ ಕಣ್ಣು ಮಾತ್ರ, ಎರಡನೇದ್ರಲ್ಲಿ ಕಣ್ಣು ಮೂಗು, ಮೂರನೇದ್ರಲ್ಲಿ ಬಾಯಿ ಸೇರ್ಸಿ, ನಾಲ್ಕನೇದ್ರಲ್ಲಿ ಕಿವೀನೂ. ತೂತು ಬಣ್ಣದ ಭಾಗಕ್ಕಿಂತ 2 ಮಿಲಿಮೀಟರ್ ಚಿಕ್ಕದಿರ್ಲಿ, ಹಾಳೆ ಸ್ವಲ್ಪ ಜರುಗಿದ್ರೂ ಬಿಳೀ ಅಂಚು ಕಾಣಲ್ಲ. ಕತ್ತರಿಸೋದು ನೀವು, ಬಣ್ಣ ಅವಳ್ದು. ಕೊನೇಲಿ ಐದನ್ನೂ ಎಡ ಅಂಚಲ್ಲಿ ಸೇರಿಸಿ ಹೊಲೀರಿ. ಮುಂದಕ್ಕೆ ತಿರುಗಿಸಿದ್ರೆ ರಾಕ್ಷಸ ಬೆಳೀತಾನೆ, ಹಿಂದಕ್ಕೆ ತಿರುಗಿಸಿದ್ರೆ ಕಿವಿಯಿಂದ ಶುರುವಾಗಿ ಒಂದೊಂದೇ ಹೋಗಿ ಕಣ್ಣೆರಡೇ ಉಳಿಯುತ್ತೆ. ಆಮೇಲೆ ಆ ಕಣ್ಣಿನ ಮೇಲೆ ಅವಳ ಅಂಗೈ ಇಡೋಕೆ ಹೇಳಿ.