ಪ್ರೊಮೋಟರ್ ಸೀಕ್ವೆನ್ಸಿಂಗ್ ಒಂದೇ ಜಾಗದಲ್ಲಿ ನಿಲ್ಲುತ್ತಿದೆ, ಜಿ-ಕ್ವಾಡ್ರುಪ್ಲೆಕ್ಸ್ ಇರಬಹುದಾ?

ಪ್ರಶ್ನೆ:
ನಮಸ್ಕಾರ. ಅರಾಬಿಡಾಪ್ಸಿಸ್ ಗಿಡದ ಒಂದು ಪ್ರೊಮೋಟರ್ (ಜೀನ್ ಓದುವಿಕೆ ಶುರುವಾಗುವ ಡಿಎನ್‌ಎ ಭಾಗ) ಪ್ಲಾಸ್ಮಿಡ್‌ನಲ್ಲಿದೆ. ರಿವರ್ಸ್ ಪ್ರೈಮರಿನಿಂದ ಓದಿಸಿದರೆ ಪೀಕ್‌ಗಳು ಚೆನ್ನಾಗಿ ಬರುತ್ತವೆ, ಸಿಸಿಸಿ ಶುರುವಾದ ಕೂಡಲೇ ಕುಸಿದುಬಿಡುತ್ತವೆ. ಫಾರ್ವರ್ಡ್ ಕಡೆಯಿಂದ ಅದೇ ಭಾಗ ಸಲೀಸು. ಪ್ಲಾಸ್ಮಿಡ್ ಹೊಸದಾಗಿ ತೆಗೆದರೂ ಅದೇ ಕಥೆ. ಅಲ್ಲಿ ನಾಲ್ಕು ಜಿಜಿಜಿ ಗುಂಪುಗಳಿವೆ. ಕ್ವಾಡ್ರುಪ್ಲೆಕ್ಸ್ ಈ ಜೀನನ್ನು ನಿಯಂತ್ರಿಸುತ್ತದೆ ಅಂತ ಬರೆಯಬಹುದಾ?

ಉತ್ತರ:
ಒಂದೇ ದಿಕ್ಕಿನಲ್ಲಿ ನಿಲ್ಲುವುದು ಒಳ್ಳೆಯ ಸುಳಿವು. ಹೇರ್‌ಪಿನ್ (ಎಳೆ ತನ್ನ ಮೇಲೇ ಮಡಚಿ ಜೋಡಿಯಾಗುವುದು) ಆಗಿದ್ದರೆ ಸಾಮಾನ್ಯವಾಗಿ ಎರಡೂ ಕಡೆಯಿಂದ ಕಾಟ ಕೊಡುತ್ತಿತ್ತು. ಎಳೆಯನ್ನು ನಕಲಿಸುವ ಪಾಲಿಮರೇಸ್ ಕಿಣ್ವ ಜಾರಿದ್ದರೆ ಪೀಕ್‌ಗಳು ಒಂದರ ಮೇಲೊಂದು ಬಿದ್ದು ಗಜಿಬಿಜಿ ಆಗುತ್ತಿದ್ದವು. ನಿಮ್ಮ ಕ್ರೊಮ್ಯಾಟೋಗ್ರಾಮ್‌ನಲ್ಲಿ ಸಿಸಿಸಿ ಬರುವಾಗ ಪಾಲಿಮರೇಸ್ ಓದುತ್ತಿರುವುದು ಜಿ ಜಾಸ್ತಿ ಇರುವ ಎಳೆಯನ್ನು. ಆ ಎಳೆ ಮಡಚಿಕೊಂಡು, ನಾಲ್ಕು ನಾಲ್ಕು ಜಿ ಸೇರಿ ಚೌಕವಾಗಿ, ಚೌಕದ ಮೇಲೆ ಚೌಕ ಕೂತಿದ್ದರೆ (ಇದೇ ಜಿ-ಕ್ವಾಡ್ರುಪ್ಲೆಕ್ಸ್) ಪಾಲಿಮರೇಸ್ ಅಲ್ಲೇ ನಿಲ್ಲುತ್ತದೆ.

ಖಚಿತಪಡಿಸಿಕೊಳ್ಳಲು ಲವಣ ಬದಲಿಸಿ ನೋಡಿ. ಚೌಕಗಳ ನಡುವೆ ಪೊಟ್ಯಾಸಿಯಂ ಕೂತು ಹಿಡಿದಿಡುತ್ತದೆ, ಲಿಥಿಯಂಗೆ ಆ ಶಕ್ತಿ ಇಲ್ಲ. ಒಂಟಿ ಎಳೆಯ ಆಲಿಗೋವನ್ನು (ಚಿಕ್ಕ ಡಿಎನ್‌ಎ ತುಂಡು) ಒಂದು ಟ್ಯೂಬಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್, ಇನ್ನೊಂದರಲ್ಲಿ ಅಷ್ಟೇ ಲಿಥಿಯಂ ಕ್ಲೋರೈಡ್ ಹಾಕಿ 95 ಡಿಗ್ರಿಗೆ ಕಾಯಿಸಿ, ನಿಧಾನವಾಗಿ ತಣಿಸಿ, ಪ್ರೈಮರ್ ಎಕ್ಸ್‌ಟೆನ್ಷನ್ ಮಾಡಿ (ಪಾಲಿಮರೇಸ್ ಎಲ್ಲಿಯವರೆಗೆ ಹೋಗುತ್ತದೆ ಎಂದು ನೋಡುವುದು). ಪಿಸಿಆರ್ ಬಫರಿನಲ್ಲೇ ಸಾಮಾನ್ಯವಾಗಿ 50 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಹಾಗಾಗಿ ಲಿಥಿಯಂ ಟ್ಯೂಬಿಗೆ ಬಫರ್ ನೀವೇ ತಯಾರಿಸಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ. ಸಿಡಿ ಯಂತ್ರ (ಧ್ರುವಿತ ಬೆಳಕಿನಿಂದ ಮಡಿಕೆಯ ರೂಪ ತಿಳಿಸುವುದು) ಸಿಕ್ಕರೆ 264 ನ್ಯಾನೋಮೀಟರಿನಲ್ಲಿ ಏರು, 240ರ ಹತ್ತಿರ ಇಳಿತ ಕಂಡರೆ ಪ್ಯಾರಲಲ್ ಮಾದರಿ (ಜಿ ಸಾಲುಗಳೆಲ್ಲ ಒಂದೇ ದಿಕ್ಕಿನಲ್ಲಿರುವುದು).

ಆದರೆ ‘ನಿಯಂತ್ರಿಸುತ್ತದೆ’ ಅಂತ ಈಗಲೇ ಬರೆಯಬೇಡಿ. ಟ್ಯೂಬಿನಲ್ಲಿ ಮಡಚಿಕೊಂಡಿದ್ದು ಗಿಡದ ನ್ಯೂಕ್ಲಿಯಸ್ಸಿನಲ್ಲೂ ಹಾಗೇ ಇರಬೇಕೆಂದಿಲ್ಲ, ಅಲ್ಲಿ ಅದನ್ನು ಬಿಚ್ಚುವ ಹೆಲಿಕೇಸ್‌ಗಳಿವೆ. ಸುಮ್ನೆ ಜಿ ಬದಲಿಸಿ ಲೂಸಿಫರೇಸ್ (ಪ್ರೊಮೋಟರಿನ ಚಟುವಟಿಕೆಯನ್ನು ಬೆಳಕಾಗಿ ತೋರಿಸುವ ಕಿಣ್ವ) ಏರಿತು ಅಂದರೂ ಸಾಲದು, ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ (ಜೀನನ್ನು ನಿಯಂತ್ರಿಸುವ ಪ್ರೋಟೀನ್) ಕೂರುವ ಜಾಗವೇ ಹಾಳಾಗಿರಬಹುದಲ್ವಾ? ಮಡಿಕೆ ಮುರಿಯುವ ಮ್ಯೂಟೆಂಟ್ ಜೊತೆಗೆ, ಜಿ ಉಳಿಸಿ ಲೂಪ್ (ಜಿ ಗುಂಪುಗಳ ನಡುವಿನ ಭಾಗ) ಮಾತ್ರ ಬದಲಿಸಿದ್ದೂ ಒಂದಿರಲಿ. ಡಿಎನ್‌ಎ ರಚನೆಯ ಪಾತ್ರವನ್ನು ಹೇಗೆ ತೋರಿಸಬಹುದು ಎನ್ನುವುದಕ್ಕೆ 2013ರ ಎಫ್‌ಎಲ್‌ಸಿ (ಅರಾಬಿಡಾಪ್ಸಿಸ್ ಹೂಬಿಡುವುದನ್ನು ತಡೆಯುವ ಜೀನ್) ಕೆಲಸ ನೋಡಿ. ಕೂಲೇರ್ (ಎಫ್‌ಎಲ್‌ಸಿಯ ಎದುರು ಎಳೆಯಿಂದ ಬರುವ ಆರ್‌ಎನ್‌ಎ) ಪ್ರೊಮೋಟರಿನ ಆರ್-ಲೂಪನ್ನು (ಆರ್‌ಎನ್‌ಎ ಒಂದು ಡಿಎನ್‌ಎ ಎಳೆಗೆ ಅಂಟಿ, ಇನ್ನೊಂದು ಎಳೆ ಒಂಟಿಯಾಗುವ ರಚನೆ) ಎಟಿಎನ್‌ಡಿಎಕ್ಸ್ ಪ್ರೋಟೀನ್ ಸ್ಥಿರಗೊಳಿಸಿ ಕೂಲೇರ್ ಟ್ರಾನ್ಸ್‌ಕ್ರಿಪ್ಷನ್ ತಗ್ಗಿಸುತ್ತದೆ ಎಂದು ಗಿಡದಲ್ಲೇ ತೋರಿಸಿದರು. ನನಗೆ ಅದು ಬಹಳ ಇಷ್ಟವಾದ ಕೆಲಸ.

ಪ್ರಶ್ನೆ ಕೇಳಿದವರು:
ಲೂಪ್ ಮ್ಯೂಟೆಂಟ್ ಮಾಡಿಸುತ್ತೇನೆ. ಅಲ್ಲಿಯವರೆಗೆ ರಿವರ್ಸ್ ಕಡೆಯ ಸೀಕ್ವೆನ್ಸ್ ಪೂರ್ತಿ ಬೇಕಿದ್ದರೆ?

ಉತ್ತರ:
ಡಿಜಿಟಿಪಿ (ಡಿಎನ್‌ಎಗೆ ಜಿ ಒದಗಿಸುವ ಘಟಕ) ಬದಲು 7-ಡೀಯಾಜಾ-ಡಿಜಿಟಿಪಿ ಹಾಕಿ ಪಿಸಿಆರ್ ಮಾಡಿ, ಆ ಪ್ರಾಡಕ್ಟನ್ನು ಓದಿಸಿ. ಚೌಕ ಕಟ್ಟಲು ಬೇಕಾದ 7ನೇ ನೈಟ್ರೋಜನ್ ಅದರಲ್ಲಿ ಇರುವುದಿಲ್ಲ.