ಕಿತ್ತಳೆ ಭೂತದ ಸ್ವಭಾವ

ಸಂಜೆಯ ನಡಿಗೆ ಮುಗಿಸಿ ಅರಳಿಕಟ್ಟೆಯ ಮೇಲೆ ಕುಳಿತಾಗ, ಮೇಷ್ಟ್ರು ಎಂದಿನಂತೆ ಮಂಡಿನೋವಿನ ಸಮಾಚಾರ ತೆಗೆಯದೆ ಮೊಬೈಲಿನಲ್ಲಿ ಮುಳುಗಿದ್ದರು. ಹೆಬ್ಬೆರಳು ಬಲಕ್ಕೆ ಸರಿದರೆ ಭುಜವೂ ಬಲಕ್ಕೆ ವಾಲುತ್ತಿತ್ತು. ಎಡಕ್ಕೆ ಸರಿದರೆ, ಘಾಟಿಯ ತಿರುವಿನಲ್ಲಿ ಬಸ್ಸಿನ ಪ್ರಯಾಣಿಕರು ಒಬ್ಬರ ಮೇಲೊಬ್ಬರು ಬೀಳುವಂತೆ, ಪಕ್ಕದ ವಕೀಲರ ಮೇಲೆಯೇ ಒರಗುತ್ತಿದ್ದರು.

“ಏನು ಮೇಷ್ಟ್ರೇ, ಮೈಮೇಲೆ ಏನಾದರೂ ಬಂದಿದೆಯೆ?” ಎಂದರು ವಕೀಲರು.

“ಮೈಮೇಲಲ್ಲ, ಬೆನ್ನ ಹಿಂದೆ ಬಂದಿವೆ. ನಾಲ್ಕು ಭೂತಗಳು,” ಎಂದರು ಮೇಷ್ಟ್ರು ತಲೆಯೆತ್ತದೆ.

ಮೊಮ್ಮಗ ಹಾಕಿಕೊಟ್ಟ ಆ ಆಟ ಪ್ಯಾಕ್‌ಮ್ಯಾನ್. ಜಪಾನಿನ ನ್ಯಾಮ್ಕೊ ಕಂಪನಿಗಾಗಿ ತೋರು ಇವಾತಾನಿ ರೂಪಿಸಿ, 1980ರಲ್ಲಿ ಹೊರಬಂದದ್ದು. ಓಣಿಗಳಲ್ಲಿ ಹರಡಿರುವ 240 ಸಣ್ಣ ಚುಕ್ಕೆಗಳನ್ನೂ ನಾಲ್ಕು ದೊಡ್ಡ ಚುಕ್ಕೆಗಳನ್ನೂ ಭೂತಗಳ ಕೈಗೆ ಸಿಗದಂತೆ ತಿಂದು ಮುಗಿಸುವುದೇ ಆಟಗಾರನ ಕೆಲಸ.

“ತಿನ್ನುವುದು, ಓಡುವುದು, ಇದೂ ಒಂದು ಆಟವೆ?” ಎಂದು ವಕೀಲರು ವಾದ ಆರಂಭಿಸಿದರು. “ಚೌಕಾಬಾರದಲ್ಲಾದರೆ ಎದುರಿಗೆ ಮನುಷ್ಯನಿರುತ್ತಾನೆ, ಕವಡೆ ನೆಟ್ಟಗೆ ಬಿತ್ತೋ ಇಲ್ಲವೋ ಎಂದು ಜಗಳವಾದರೂ ಆಡಬಹುದು.”

“ಇಲ್ಲಿಯೂ ಎದುರಾಳಿಗೆ ಸ್ವಭಾವವಿದೆ ಸ್ವಾಮಿ. ಕೆಂಪು ಭೂತ ನೇರವಾಗಿ ಬೆನ್ನು ಹತ್ತುತ್ತದೆ. ಗುಲಾಬಿಯದು ನಾವು ಮುಖ ಮಾಡಿದ ಕಡೆಗೆ ನಾಲ್ಕು ಚೌಕ ಮುಂದೆ ಗುರಿಯಿಟ್ಟು ಅಡ್ಡಗಟ್ಟಲು ನೋಡುತ್ತದೆ. ಕಿತ್ತಳೆಯದು ದೂರದಿಂದ ನಮ್ಮತ್ತಲೇ ನುಗ್ಗಿ ಬಂದು, ಎಂಟು ಚೌಕ ಹತ್ತಿರವಾದೊಡನೆ ಮನಸ್ಸು ಬದಲಿಸಿ ತನ್ನ ಮೂಲೆಯ ದಾರಿ ಹಿಡಿಯುತ್ತದೆ.”

ಕಿತ್ತಳೆ ಭೂತದ ವರ್ಣನೆ ಕೇಳಿ ನನಗೆ ನನ್ನ ಭಾವಮೈದುನ ನೆನಪಾದ. ಮದುವೆಗೆ ತಿಂಗಳಿರುವಾಗ “ಅಡುಗೆಯ ಜವಾಬ್ದಾರಿ ನನ್ನದು” ಎಂದು ದಿನವೂ ಫೋನ್ ಮಾಡಿದವನು, ಮದುವೆಯ ದಿನ ಛತ್ರದ ಮೂಲೆಯಲ್ಲಿ ಇಸ್ಪೀಟು ಕಲಸುತ್ತ ಕುಳಿತಿದ್ದ. ಇವಾತಾನಿಯವರು ಅವನನ್ನು ಎಲ್ಲಿ ಕಂಡರೋ ತಿಳಿಯದು.

ಅಷ್ಟು ಹೊತ್ತು ಸುಮ್ಮನಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರರು ಬಾಯಿ ತೆರೆದರು. “ನನಗೆ 1978ರ ಸ್ಪೇಸ್ ಇನ್ವೇಡರ್ಸ್ ಆಟ ಗೊತ್ತು. ಸಾಲುಗಟ್ಟಿ ಇಳಿದು ಬರುವ 55 ಶತ್ರುಗಳು ಮೊದಲು ಎಮ್ಮೆಯಂತೆ ನಡೆಯುತ್ತಾರೆ. ಅವರು ಸತ್ತಂತೆಲ್ಲ ಚಿತ್ರ ಬರೆಯುವ ಹೊರೆ ಇಳಿಯುವುದರಿಂದ ಯಂತ್ರ ಚುರುಕಾಗಿ, ಉಳಿದವರು ಓಡತೊಡಗುತ್ತಾರೆ. ಯಂತ್ರದ ಆ ಬಡತನವನ್ನೇ ಅದನ್ನು ರೂಪಿಸಿದ ನಿಶಿಕಾದೊ ಎಂಬ ಜಾಣ ಆಟದ ರುಚಿಯಾಗಿ ಉಳಿಸಿಕೊಂಡ. ನಮ್ಮ ಶಾಖೆಯಲ್ಲಿಯೂ ಸಿಬ್ಬಂದಿ ಒಬ್ಬೊಬ್ಬರೇ ಕಡಿಮೆಯಾದರು. ಉಳಿದವರು ಓಡಿದ್ದನ್ನು ಮಾತ್ರ ನಾನು ನೋಡಲಿಲ್ಲ.”

“ಆಯಿತು, ಗೆದ್ದರೆ ಏನು ಸಿಗುತ್ತದೆ?” ವಕೀಲರು ಪಟ್ಟು ಬಿಡಲಿಲ್ಲ.

“ಗೆಲ್ಲುವುದೆಂಬುದೇ ಇಲ್ಲ,” ಎಂದರು ಮೇಷ್ಟ್ರು. “ಒಂದು ಸುತ್ತು ಮುಗಿದರೆ ಮತ್ತೊಂದು. ಮೂಲ ಯಂತ್ರದ ಲೆಕ್ಕ 255ರ ಆಚೆ ಹೋಗದ ಕಾರಣ, 256ನೆಯ ಸುತ್ತಿನಲ್ಲಿ ಪರದೆಯ ಬಲ ಅರ್ಧ ಅಕ್ಷರ, ಅಂಕಿಗಳ ಕಲಸುಮೇಲೋಗರವಾಗಿ, ತಿನ್ನಬೇಕಾದಷ್ಟು ಚುಕ್ಕೆಗಳೇ ಸಿಗುವುದಿಲ್ಲ.”

ವಕೀಲರ ಮುಖ ಅರಳಿತು. “ಅಂದರೆ ತೀರ್ಪಿನ ಮುನ್ನವೇ ಕಡತಕ್ಕೆ ಗೆದ್ದಲು ಹಿಡಿದ ಹಾಗೆ! ಇಷ್ಟು ಹೊತ್ತು ಇದು ಸಿವಿಲ್ ದಾವೆಯೆಂದು ಹೇಳಬಾರದಿತ್ತೆ? ಕೊಡಿ ಇಲ್ಲಿ.”

ಮೊಬೈಲು ಕಸಿದುಕೊಂಡು ಅವರು ದೊಡ್ಡ ಚುಕ್ಕೆಯೊಂದನ್ನು ನುಂಗಿದರು. ಭೂತಗಳು ನೀಲಿಗಟ್ಟಿ ಹಿಮ್ಮೆಟ್ಟಿದವು. ಎದುರು ಪಕ್ಷ ವಾಯಿದೆ ಕೇಳಿದಾಗಿನ ಹುರುಪಿನಲ್ಲಿ ಬೆನ್ನಟ್ಟಿದ ವಕೀಲರು, ಕೆಂಪು ಭೂತಕ್ಕೆ ಬಣ್ಣ ಮರಳಿದ್ದನ್ನು ಗಮನಿಸದೆ ತಾವಾಗಿಯೇ ಹೋಗಿ ಅದಕ್ಕೆ ಡಿಕ್ಕಿ ಹೊಡೆದರು.

“ಮೇಲ್ಮನವಿಗೆ ಅವಕಾಶವಿದೆಯೆ?”

“ಇನ್ನೆರಡು ಲೈಫು ಇವೆ,” ಎನ್ನುವಷ್ಟರಲ್ಲಿ ಮೊಬೈಲು ಗುಂಯ್‌ಗುಟ್ಟಿ, ಭೂತಗಳೆಲ್ಲ ಮಾಯವಾಗಿ, ಮೇಷ್ಟ್ರ ಮನೆಯ ನಂಬರು ಮೂಡಿತು. ತರಕಾರಿ ಚೀಲ ಕಟ್ಟೆಯ ಮೇಲೆ ಖಾಲಿಯಾಗಿಯೇ ಮಲಗಿತ್ತು. ವಕೀಲರು ಮೊಬೈಲನ್ನು ಮೇಷ್ಟ್ರ ಕಡೆಗೆ ಚಾಚಿದರೆ, ಮೇಷ್ಟ್ರು ಕಿತ್ತಳೆ ಭೂತದಂತೆ ಆಗಲೇ ಕಟ್ಟೆಯ ಆಚೆಯ ಮೂಲೆ ಸೇರಿಯಾಗಿತ್ತು.