ಕಾಳ್ಗಿಚ್ಚಿನ ಹೊಗೆ ‘ಹೊಗೆಮಂಜು’ ಆದೀತೇ?

ಗೆಳೆಯರೇ,

ಕ್ಯಾಲಿಫೋರ್ನಿಯಾಕ್ಕೆ ಮಕ್ಕಳ ಮನೆಗೆಂದು ಬರುವ ನಮ್ಮ ಹಿರಿಯರಿಗಾಗಿ, ಕಾಳ್ಗಿಚ್ಚಿನ ಹೊಗೆ ಬಂದಾಗ ಏನು ಮಾಡಬೇಕೆಂದು ಒಂದು ಪುಟ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಪದಗಳ ಬಳಿ ಕೈ ನಿಂತಿದೆ.

ಒಂದು, ಹೊಗೆಮಂಜು (ಇಂಗ್ಲಿಷಿನ ‘ಸ್ಮಾಗ್’). ದೆಹಲಿಯ ಚಳಿಗಾಲಕ್ಕೆ ಪತ್ರಿಕೆಗಳು ಈ ಪದ ಬಳಸುವುದು ಸರಿಯೇ. ಅಲ್ಲಿ ಹೊಗೆಯ ಜೊತೆ ನಿಜವಾಗಿಯೂ ಮಂಜಿರುತ್ತದೆ. ಇಲ್ಲಿ ಹಾಗಲ್ಲ. 2018ರ ನವೆಂಬರ್ 8ರಂದು ಹೊತ್ತಿಕೊಂಡು ಪ್ಯಾರಡೈಸ್ ಎಂಬ ಊರನ್ನೇ ಸುಟ್ಟ ಬೆಂಕಿಯ ಹೊಗೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ನಮ್ಮ ಊರುಗಳಿಗೆ ಬಂದು ಎರಡು ವಾರದ ಹತ್ತಿರ ನಿಂತಿತ್ತು. ಅಮ್ಮ ಆಗ ನಮ್ಮಲ್ಲಿದ್ದರು. ಕಿಟಕಿಯಾಚೆ ನೋಡಿ, “ನಮ್ಮ ತೀರ್ಥಹಳ್ಳಿ ಇಬ್ಬನಿ ಥರಾನೇ ಇದೆ ಕಣೋ, ಬಿಸಿಲೇರಿದ್ರೆ ಹೋಗುತ್ತೆ” ಎಂದು ಶಾಲು ಹೊದ್ದು ವಾಕಿಂಗ್‌ಗೆ ಹೊರಟೇಬಿಟ್ಟರು. ಮಂಜು ನೀರಿನ ಹನಿ, ಬಿಸಿಲಿಗೆ ಆರುತ್ತದೆ. ಹೊಗೆಯ ಕಣ ಆರುವುದಿಲ್ಲ. ಗಾಳಿ ಹೊತ್ತೊಯ್ಯಬೇಕು, ಇಲ್ಲವೇ ಮಳೆ ತೊಳೆಯಬೇಕು. ಆ ಸಲ ನವೆಂಬರ್ 21ರಂದು ಮಳೆ ಬಿದ್ದ ಮೇಲೆಯೇ ಉಸಿರಾಡಿದ್ದು. ಆದ್ದರಿಂದ ಈ ಹೊಗೆಯ ಹೆಸರಿನಲ್ಲಿ ‘ಮಂಜು’ ಇರಲೇಬಾರದು ಎನ್ನುವುದು ನನ್ನ ಅಭಿಪ್ರಾಯ.

ಹೊಸ ನಾಮಪದ ಕಟ್ಟುವುದಕ್ಕಿಂತ ನಮ್ಮ ಕ್ರಿಯಾಪದಗಳೇ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತವೆ ಅನಿಸುತ್ತದೆ. ಹಸಿ ಸೌದೆ ಒಲೆಗಿಟ್ಟರೆ ಅಡುಗೆಮನೆಯಲ್ಲಿ ಹೊಗೆ ‘ಕಟ್ಟಿಕೊಳ್ಳುತ್ತದೆ’, ಆಕಾಶಕ್ಕಾದರೆ ‘ಕವಿಯುತ್ತದೆ’. ಈ ವ್ಯತ್ಯಾಸ ಬಹಳ ಮುಖ್ಯ. 2020ರ ಸೆಪ್ಟೆಂಬರ್ 9ರಂದು ಇಲ್ಲಿ ನಡುಹಗಲಲ್ಲೂ ಆಕಾಶ ಕಿತ್ತಳೆ ಬಣ್ಣಕ್ಕಿತ್ತು. ಎಲ್ಲರೂ ಹೆದರಿದೆವು. ಆದರೆ ಅಂದು ಹೊಗೆ ಮೇಲೆ ಕವಿದಿತ್ತಷ್ಟೇ. ಕೆಳಗೆ ಕಡಲಿನ ತಂಪುಗಾಳಿಯ ಪದರ ಅದನ್ನು ನೆಲಕ್ಕಿಳಿಯಲು ಬಿಟ್ಟಿರಲಿಲ್ಲ. ಮುಂದಿನ ದಿನಗಳಲ್ಲಿ ಬಣ್ಣ ಹೋಗಿ ಬರೀ ಬೂದಿ ಬಣ್ಣ ಉಳಿಯಿತು, ಹೊಗೆ ಇಳಿದು ಕಟ್ಟಿಕೊಂಡಿತು. ಗಂಟಲು ಉರಿದದ್ದು ಆಗ.

(ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳಿಗೆ ‘ದೂಳು’ ಎನ್ನುವುದೂ ನನಗೆ ಒಪ್ಪಿಗೆಯಿಲ್ಲ. ದೂಳಾದರೆ ಸೆರಗು ಮುಚ್ಚಿಕೊಂಡರೆ ಸಾಕೆನಿಸುತ್ತದೆ. ಕೂದಲಿನ ದಪ್ಪದ ಮೂವತ್ತನೇ ಒಂದು ಪಾಲಿಗಿಂತಲೂ ಸಣ್ಣ ಕಣಕ್ಕೆ ಸೆರಗು ಯಾವ ತಡೆ? ಎನ್-95 ಮಾಸ್ಕೇ ಬೇಕು. ‘ಹೊಗೆಕಣ’ ಎಂದು ಬರೆದಿದ್ದೇನೆ.)

ಎರಡನೆಯದು, ವಾಯು ಗುಣಮಟ್ಟ ಸೂಚ್ಯಂಕ (ಇಂಗ್ಲಿಷಿನ ‘ಎಕ್ಯೂಐ’). ಅದೇ ನವೆಂಬರಿನಲ್ಲಿ ಒಂದು ದಿನ “ಗುಣಮಟ್ಟ ಸೂಚ್ಯಂಕ 200 ದಾಟಿದೆಯಮ್ಮ” ಎಂದೆ. “ಗುಣಮಟ್ಟ ಏರಿದ್ರೆ ಒಳ್ಳೇದಲ್ವೇನೋ?” ಎಂದರು. ಅವರು ಕೇಳಿದ್ದು ನೂರಕ್ಕೆ ನೂರು ಸರಿ. ಅಂಕಿ ಏರಿದಷ್ಟೂ ಗಾಳಿ ಕೆಡುತ್ತದೆ, ಪದ ಮಾತ್ರ ಅದಕ್ಕೆ ತದ್ವಿರುದ್ಧ ಹೇಳುತ್ತದೆ. ಇದರ ಮೇಲೆ, ಇಲ್ಲಿ 160 ಎಂದರೆ ಎಲ್ಲರಿಗೂ ಅನಾರೋಗ್ಯಕರವೆಂಬ ಕೆಂಪು ಬಣ್ಣ. ಭಾರತದ ಪಟ್ಟಿಯಲ್ಲಿ ಅದೇ ಅಂಕಿ ‘ಮಧ್ಯಮ’. ಎರಡೂ ಕಡೆಯ ಲೆಕ್ಕವೇ ಬೇರೆ. ಊರಿನ ಸುದ್ದಿ ನೋಡಿ ಬಂದವರು ‘ಮಧ್ಯಮ ತಾನೇ’ ಎಂದು ಕಿಟಕಿ ತೆರೆದಿಟ್ಟಾರು.

ಸದ್ಯಕ್ಕೆ ‘ಗಾಳಿ ಮಾಲಿನ್ಯದ ಅಂಕ’ ಎಂದು ಬರೆದುಕೊಂಡಿದ್ದೇನೆ. ಇದಕ್ಕಿಂತ ಬಾಯಿಗೆ ಒಗ್ಗುವ ಮಾತು ಯಾರಿಗಾದರೂ ಹೊಳೆದರೆ ತಿಳಿಸಿ. ಹಾಗೆಯೇ ಬಂಡೀಪುರ, ಕುದುರೆಮುಖದ ಕಾಡಂಚಿನವರು ನಮ್ಮ ಬಳಗದಲ್ಲಿದ್ದರೆ ಒಂದು ಕೋರಿಕೆ: ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದು ಕಣಿವೆಯಲ್ಲಿ ಹೊಗೆ ಕೂತುಬಿಟ್ಟಾಗ ಮನೆಯ ಹಿರಿಯರು ಅದಕ್ಕೆ ಏನೆನ್ನುತ್ತಿದ್ದರು?